ಗಂಗಾಧರಯ್ಯನವರಿಗೆ ಓದಿ ಹೇಳಿದ್ದು

ಗಟ್ಟಿಯಾಗಿ ಓದುವ ಅಭ್ಯಾಸವನ್ನು ನಮ್ಮಲ್ಲಿ ಹೆಚ್ಚಿನವರು ಪ್ರಾಥಮಿಕ ಶಾಲೆಯಲ್ಲೇ ಬಿಟ್ಟು ಬಂದಿರುತ್ತೇವೆ. ಆಮೇಲೆ ಯಾರದೋ ಮದುವೆಯ ಕರೆಯೋಲೆಯನ್ನು ಮನೆಯವರಿಗೆ ಓದಿ ಹೇಳುವಾಗಷ್ಟೇ ನಮ್ಮ ಗಂಟಲಿಗೂ ಅಕ್ಷರಕ್ಕೂ ಎಷ್ಟು ಅಂತರವೆಂಬುದು ತಿಳಿಯುತ್ತದೆ. ಮಧುಗಿರಿಯ ಕಾಲೇಜಿನಲ್ಲಿ ಆಯುಷ್ಯವಿಡೀ ಕನ್ನಡ ಪಾಠ ಹೇಳಿದ ನಾನು ಈ ಮಾತಿಗೆ ಅಪವಾದವೆಂದೇ ನಂಬಿದ್ದೆ. ನಾನು ಏನು ಓದಿದರೂ ಸಂತಾಪ ಸೂಚಕ ನಿರ್ಣಯದ ಹಾಗೆ ಕೇಳಿಸುತ್ತದೆಂದು ನನ್ನ ಹೆಂಡತಿ ಹೇಳುತ್ತಿದ್ದಳಾದರೂ, ಆ ಅಭಿಪ್ರಾಯಕ್ಕೆ ವಿಮರ್ಶೆಯ ಮರ್ಯಾದೆಯನ್ನು ನಾನು ಕೊಟ್ಟಿರಲಿಲ್ಲ.

ನನ್ನ ಸಹೋದ್ಯೋಗಿ, ಇತಿಹಾಸದ ಮೇಷ್ಟ್ರು ಗಂಗಾಧರಯ್ಯನವರು ನಿವೃತ್ತಿಯ ನಂತರ ಮಿಡಿಗೇಶಿಯಲ್ಲಿ ತಂಗಿಯ ಸಂಸಾರದೊಡನೆ ನೆಲೆಸಿದರು. ಅಲ್ಲಿ ಸಕ್ಕರೆ ಕಾಯಿಲೆ ಅವರ ಎರಡೂ ಕಣ್ಣುಗಳನ್ನು ಮೆಲ್ಲಗೆ ಆರಿಸಿಬಿಟ್ಟಿತು. ಊಟಕ್ಕಿಂತ ಓದು ಮುಖ್ಯವಾಗಿದ್ದ ಮನುಷ್ಯ. ಈಗ ಊಟವೊಂದೇ ಉಳಿಯಿತು, ಅದೂ ಪಥ್ಯದ್ದು.

ಆಗ ನೆರವಿಗೆ ಬಂದವಳು ಶಿರಾದ ಶಬಾನಾ. ನಮ್ಮಿಬ್ಬರಿಗೂ ಶಿಷ್ಯೆ, ಈಗ ತುಮಕೂರಿನ ಸಣ್ಣ ಸಂಸ್ಥೆಯೊಂದರಲ್ಲಿ ಇಂಜಿನಿಯರ್. ಕಣ್ಣು ಕಾಣದವರಿಗಾಗಿ ಆ ಸಂಸ್ಥೆಯವರು ಒಂದು ಸೇವೆ ಶುರುಮಾಡಿದ್ದರು: ಪುಸ್ತಕದ ಪುಟಗಳ ಫೋಟೋ ತೆಗೆದು ಕಳಿಸಿದರೆ ಎಲ್ಲೋ ಇರುವ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸಿ ಫೋನಿನಲ್ಲಿ ಓದಿ ಹೇಳುತ್ತದೆ. ಉಚ್ಚಾರಣೆ ತಿದ್ದಲು ನನ್ನನ್ನು ಕರೆದರು. ಪ್ರಾಣವೇ ಇಲ್ಲದ ಯಂತ್ರಕ್ಕೆ ಅಲ್ಪಪ್ರಾಣ, ಮಹಾಪ್ರಾಣಗಳ ಭೇದ ಕಲಿಸಿದೆ. ಪ್ರಾಣವಿದ್ದ ನನ್ನ ವಿದ್ಯಾರ್ಥಿಗಳಿಗಿಂತ ಅದು ಬೇಗ ಕಲಿಯಿತು.

ಗಂಗಾಧರಯ್ಯನವರ ತಂಗಿ ಪುಟ ತಿರುವಿ ತಿರುವಿ ಫೋಟೋ ತೆಗೆದರು. ಕೆಲವು ತಿಂಗಳು ಅವರ ಮನೆಯಲ್ಲಿ ಹಬ್ಬ. ಬೆಳಿಗ್ಗೆ ಗಂಗಾಧರಯ್ಯನವರು ನನಗೆ ಫೋನು ಮಾಡಿ, ಹಿಂದಿನ ದಿನ ಕೇಳಿದ್ದರಲ್ಲಿ ಗ್ರಂಥಕರ್ತರು ಎಲ್ಲಿ ಎಡವಿದ್ದಾರೆಂದು ವಿವರಿಸಿ, ನಾನೇ ಆ ಗ್ರಂಥಕರ್ತನೆಂಬಂತೆ ಗದರುತ್ತಿದ್ದರು. ಗದರಿಸಿಕೊಳ್ಳುವುದರಲ್ಲಿ ಅಂಥ ಸುಖವನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆಮೇಲೆ ಓದು ತಡವರಿಸತೊಡಗಿತು. ವಾಕ್ಯದ ನಡುವೆ ನಿಂತು, ಅವರು ಕಾಫಿ ಕುಡಿದು ಲೋಟ ಇಟ್ಟ ಮೇಲೆ ಕ್ರಿಯಾಪದಕ್ಕೆ ಬರುತ್ತಿತ್ತು. ಕಾರಣ ಕೇಳಿದಾಗ ಶಬಾನಾ ತಾಳ್ಮೆಯಿಂದ ವಿವರಿಸಿದಳು. ಸೇವೆ ನಡೆಯುವುದು ಕ್ಲೌಡ್‌ನಲ್ಲಿ; ಕ್ಲೌಡ್ ಎಂದರೆ ಬಾಡಿಗೆಗೆ ಸಿಗುವ ಕಂಪ್ಯೂಟರುಗಳು. ಬಾಡಿಗೆಗೆ ಕೊಡುವ ಕಂಪನಿಗಳು ಹಲವು. ಯಾವ ಕೆಲಸವನ್ನು ಯಾವ ಕಂಪನಿಯಲ್ಲಿ ಇಡಬೇಕೆಂಬುದನ್ನು ಮೊದಲು ಇವಳು ಮತ್ತು ಇವಳ ಸಂಗಡಿಗರು ಕೂತು ತೀರ್ಮಾನಿಸುತ್ತಿದ್ದರು. ಈಗ ಅದಕ್ಕೂ ಒಂದು ಪ್ರೋಗ್ರಾಮ್ ಬಂದಿದೆ. ಖರ್ಚು, ಬಳಕೆ ನೋಡಿಕೊಂಡು ತಾನೇ ಎತ್ತಿಡುತ್ತದೆ. ಪುಟಗಳ ಚಿತ್ರಗಳು ಭಾರವಾದ್ದರಿಂದ ಇದ್ದಲ್ಲೇ ಉಳಿದಿವೆ; ಓದುವ ಭಾಗ ಮಾತ್ರ ದೂರದ ಅಗ್ಗದ ಜಾಗಕ್ಕೆ ಹೋಗಿದೆ. ಪ್ರತಿಯೊಂದು ಪುಟವೂ ಅಲ್ಲಿಗೆ ಪ್ರಯಾಣ ಮಾಡಿ ಬರಬೇಕು.

"ಯಾರೂ ಬೇಕೂಂತ ಮಾಡಿದ್ದಲ್ಲ ಸರ್," ಎಂದಳು. "ಕೇಳೋರು ಕಮ್ಮಿ ಅಂತ ಅದು ದೂರಕ್ಕೆ ಹಾಕ್ತು. ತಡ ಆಗುತ್ತೆ ಅಂತ ಕೇಳೋರು ಇನ್ನೂ ಕಮ್ಮಿ ಆದ್ರು. ಇನ್ನೂ ದೂರಕ್ಕೆ ಹಾಕ್ತು."

ಓದುವ ಭಾಗವನ್ನು ಪುಟಗಳ ಹತ್ತಿರವೇ ಇರಿಸಬೇಕೆಂದು ಅವಳೊಂದು ನಿಯಮ ಬರೆದಿದ್ದಳು. ಖರ್ಚು ಇಳಿಯಲಿಲ್ಲವೆಂಬ ಪ್ರೋಗ್ರಾಮಿನ ಲೆಕ್ಕ ತೋರಿಸಿ ಮೇಲಿನವರು ತೆಗೆಸಿದರು. ಬೈಯಲು ಒಬ್ಬ ಮನುಷ್ಯನಾದರೂ ಸಿಕ್ಕಿದ್ದರೆ ನನ್ನ ಸಿಟ್ಟಿಗೆ ಒಂದು ವಿಳಾಸವಿರುತ್ತಿತ್ತು. ಕೊನೆಗೆ, ಬಳಸುವವರೇ ಇಲ್ಲವೆಂಬ ಕಾರಣಕ್ಕೆ ಸೇವೆ ನಿಂತಿತು. ಸುದ್ದಿ ಹೇಳುವಾಗ ಶಬಾನಾ ಅಳುತ್ತಿದ್ದಳು.

ನಾನು ವಾರಕ್ಕೊಮ್ಮೆ ಬಸ್ಸು ಹತ್ತಿ ಮಿಡಿಗೇಶಿಗೆ ಹೋಗಿ ಓದಿ ಹೇಳತೊಡಗಿದೆ. ಗಂಗಾಧರಯ್ಯನವರು ಕೈಕಟ್ಟಿ, ಸಭೆಯಲ್ಲಿ ಕುಳಿತವರಂತೆ ವಿನಯದಿಂದ ಕೇಳುತ್ತಿದ್ದರು. ಆ ವಿನಯ ನನ್ನನ್ನು ಚುಚ್ಚುತ್ತಿತ್ತು. ಒಂದು ದಿನ ಕ್ಲಿಷ್ಟವಾದ ವಾಕ್ಯವೊಂದು ಅವರಿಗೆ ದಕ್ಕಲಿಲ್ಲವೆಂದು ಮುಖದಿಂದಲೇ ಊಹಿಸಿ, ಸಾಲು ತಪ್ಪಿದವನಂತೆ ನಟಿಸಿ ಮತ್ತೆ ಓದಿದೆ.

"ಬೇಕೂಂತಲೇ ಎಲ್ಡು ಸಲ ಓದಿದ್ರಿ ಅಲ್ವಾ ಮೇಷ್ಟ್ರೇ?" ಎಂದರು.

ನಾನು ಮುಂದಿನ ಸಾಲಿಗೆ ಬೆರಳಿಟ್ಟೆ.

"ಆ ಮಿಷನ್ನಿಗೆ ಇನ್ನೊಂದ್ಸಲ ಓದು, ಇನ್ನೊಂದ್ಸಲ ಓದು ಅಂತಿದ್ದೆ. ಬ್ಯಾಸರ ಆದ್ರೆ ನಡುವೇನೇ ನಿಲ್ಸ್‌ಬುಡ್ತಿದ್ದೆ. ಅಷ್ಟು ದೂರದಿಂದ ಬಂದೋರಿಗೆ ಅಂಗೆ ಹೇಳಕ್ಕಾಯ್ತದಾ?"

ಧಾರಾಳವಾಗಿ ಹೇಳಿ ಎಂದೆ. ನನ್ನ ದನಿ ಸಂತಾಪ ಸೂಚಕವಾಗಿಯೇ ಹೊರಟಿತು. ಅವರು ಕೈ ಚಾಚಿ, ಪುಸ್ತಕವನ್ನು ತಡಕಿ, ತಾವೇ ಮುಚ್ಚಿದರು.

"ಓದೋದು ಬ್ಯಾಡ ಬುಡಿ. ಸುಮ್ನೆ ಬಂದು ಕೂತ್ಕೊಂಡು ಹೋಗಿ."

ಓದು ಎಂದರೆ ಪುಸ್ತಕದಲ್ಲಿರುವುದು ಕಿವಿಗೆ ತಲುಪುವುದಷ್ಟೇ ಎಂದುಕೊಂಡಿದ್ದೆ. ಯಾರ ಹಂಗೂ ಇಲ್ಲದೆ ನಿಲ್ಲಿಸುವ, ಮತ್ತೆ ಕೇಳುವ ದೊರೆತನವೂ ಅದರಲ್ಲಿತ್ತು. ಅವರು ಕಳೆದುಕೊಂಡದ್ದು ಅದನ್ನು. ನಾನು ಬಸ್ಸು ಹತ್ತಿ ತಂದುಕೊಡಬಹುದಾದದ್ದಲ್ಲ ಅದು.

ಈಗಲೂ ಹೋಗುತ್ತೇನೆ. ಪಿಂಚಣಿ, ಮೊಣಕಾಲು, ಹೋಗಿಬಿಟ್ಟವರು, ಇಷ್ಟೇ ಮಾತು. ಕಳೆದ ವಾರ ಅವರ ಕೋಣೆಯಲ್ಲಿ ಪುಸ್ತಕದ ಕಪಾಟಿಗೆ ಅಡ್ಡವಾಗಿ ಕಡಲೆಕಾಯಿ ಮೂಟೆಗಳನ್ನು ಪೇರಿಸಿದ್ದರು. ಇಲ್ಲಿಟ್ಟಿದ್ದೀರಲ್ಲ ಎಂದು ತಂಗಿಯನ್ನು ಕೇಳಿದೆ. ಜಾಗ ತೋರಿಸಿದ್ದು ಅಣ್ಣನೇ, ಎಂದರು.