ನೆಲದ ಮೇಲೆ ಬರೆದ ಕಂಪ್ಯೂಟರ್

ಗುಂಡ್ಲುಪೇಟೆ ಬಸ್ ಸ್ಟ್ಯಾಂಡ್ ಹಿಂದೆ ಟೈಪಿಂಗ್ ಅಂಗಡಿ ಇಟ್ಟಿದ್ದ ಕಾವ್ಯಶ್ರೀ ಸುಮ್ಮನೆ ಹೆದರುವವಳಲ್ಲ. ಆದರೆ 2004ರ ಆಯುಧಪೂಜೆ ಕಳೆದ ಸೋಮವಾರ ಅವಳೂ ಹೆದರಿದಳು. ಕಂಪ್ಯೂಟರ್ ಹಾಕಿದರೆ ಒಳಗಿನ ಫ್ಯಾನು ಕರಕರ ಅಂದು ನಿಲ್ಲುತ್ತಿತ್ತು, ಎರಡು ನಿಮಿಷಕ್ಕೆ ಇಡೀ ಡಬ್ಬವೇ ಆರಿಹೋಗುತ್ತಿತ್ತು.

ಹೋದರೆ ಹೋಗಲಿ ಅನ್ನುವ ಹಾಗಿರಲಿಲ್ಲ. ಉಡಿಗಾಲ ಹಳ್ಳಿಯ, ತಂಬೂರಿ ಮೀಟಿ ಪದ ಹಾಡುವ ಹುಚ್ಚಯ್ಯ ಆರು ತಿಂಗಳಿಂದ ಸೋಮವಾರ ಸೋಮವಾರ ಬಂದು, ಅವ್ವನಿಂದ ಕಲಿತ ಪದಗಳನ್ನು ಹಾಡಿ ಹಾಡಿ ಬರೆಸಿದ್ದ. ಓದು ಬಾರದ ಎಪ್ಪತ್ತರ ಮುದುಕ. ಕೆಲವು ಪದ ಆಗಲೇ ಅವನಿಗೆ ಮರೆತುಹೋಗಿದ್ದವು. ಈಗ ಅವು ಇದ್ದದ್ದು ಆ ಡಬ್ಬದೊಳಗೆ ಮಾತ್ರ. ಇನ್ನೊಂದು ಪ್ರತಿ ಫ್ಲಾಪಿಗೂ ಹಾಕಿಡಬೇಕು ಅಂತ ಇವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಸೋಮಾರಿತನ, ಇನ್ನೇನು! ಮಧ್ಯಾಹ್ನದ ಬಸ್ಸಿಗೆ ಮುದುಕ ಬರುವವನಿದ್ದ.

ಫೋನ್ ಮಾಡಿದರೆ ಮೈಸೂರಿನ ಮೆಕ್ಯಾನಿಕ್ ಗುರುವಾರ ಬರುತ್ತೇನೆ ಅಂದ. ಅವನು ಬಂದಾಗಲೆಲ್ಲ ಪಕ್ಕದಲ್ಲೇ ಕೂತು ನೋಡಿದವಳು ಇವಳು, ದುಪಟ್ಟಾ ಸೊಂಟಕ್ಕೆ ಬಿಗಿದಳು. ಪ್ಲಗ್ ಕಿತ್ತಳು. ಒಳಗೆ ಉಳಿದ ಕರೆಂಟೂ ಹೋಗಲೆಂದು ಬಟನ್ ಒತ್ತಿ ಹಿಡಿದಳು. ಬಳೆ ತೆಗೆದಿಟ್ಟು, ಮೈಯಲ್ಲಿರುವ ಚೂರು ಕರೆಂಟು ಒಳಗಿನ ಭಾಗಗಳನ್ನು ಸುಡಬಾರದೆಂದು ಡಬ್ಬದ ಬರಿ ಕಬ್ಬಿಣ ಮುಟ್ಟಿದಳು. ಸ್ಕ್ರೂ ಬಿಚ್ಚುವುದೇನು ಮಹಾ, ಯಾವುದು ಎಲ್ಲಿಯದು ಅಂತ ನೆನಪಿಡುವುದೇ ಪೀಕಲಾಟ.

ಅಷ್ಟರಲ್ಲಿ ಊಟ ತಂದ ತಾಯಿ ಶಾಂತಮಲ್ಲಮ್ಮ ಮಗಳ ಒದ್ದಾಟ ನೋಡಿ, ಸೀಮೆಸುಣ್ಣ ಹಿಡಿದು ನೆಲದ ಮೇಲೆ ಕೂತಳು. ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಲೀಲಾಜಾಲವಾಗಿ ಹಾಕುವ ಕೈ. ಡಬ್ಬದೊಳಗೆ ಕಂಡದ್ದನ್ನು ಕಂಡ ಹಾಗೇ, ಸ್ಕ್ರೂ ಇದ್ದ ಕಡೆಗೊಂದು ಚುಕ್ಕಿ ಇಟ್ಟು ಬರೆದಳು. ಬಿಚ್ಚಿದ ಸ್ಕ್ರೂ ಎಲ್ಲ ತಮ್ಮ ತಮ್ಮ ಚುಕ್ಕಿಯ ಮೇಲೆ ಕೂತವು. ಹಾಡುಗಳಿದ್ದ ಹಾರ್ಡ್ ಡಿಸ್ಕನ್ನು ಮಾತ್ರ ನೆಲಕ್ಕಿಡಲು ಕಾವ್ಯಶ್ರೀಗೆ ಮನಸ್ಸು ಬರಲಿಲ್ಲ. ಅದನ್ನು ಮೇಜಿನ ಮೇಲೆ ಪೇಪರ್ ಹಾಸಿ ಮಲಗಿಸಿದಳು.

ಫ್ಯಾನಿನ ಸಂದಿಯಲ್ಲಿ ಸಿಕ್ಕಿದ್ದು ಏಳು ಕಾಳು ಅಕ್ಷತೆ, ಮೇಲೊಂದಿಷ್ಟು ವಿಭೂತಿ. ಪೂಜೆಯ ದಿನ ಭಕ್ತಿ ಹೆಚ್ಚಾಗಿ ಡಬ್ಬದ ಹಿಂದಿನ ಕಿಂಡಿಯ ಕಡೆಯಿಂದಲೂ ಹಿಡಿ ಅಕ್ಷತೆ ಎಸೆದವರು ಯಾರೆಂದು ಇಬ್ಬರಿಗೂ ಗೊತ್ತಿತ್ತು. ಶಾಂತಮಲ್ಲಮ್ಮ ಗೋಡೆ ನೋಡಿದಳು. ಮಗಳಿಗೆ ಮೊದಲು ರೇಗಿತು, ಆಮೇಲೆ ನಗು ತಡೆಯಲಾಗಲಿಲ್ಲ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಣ ಬ್ರಷ್ಷಿನಲ್ಲಿ ಎಲ್ಲ ಗುಡಿಸಿ, ನೆಲ ನೋಡಿಕೊಂಡು ಒಂದೊಂದೇ ವಾಪಸ್ ಕೂರಿಸಿದರು. ಒಂದು ಸ್ಕ್ರೂ ಕೂಡ ಉಳಿಯಲಿಲ್ಲ.

ಹುಚ್ಚಯ್ಯ ಬರುವಷ್ಟರಲ್ಲಿ ಪರದೆ ಬೆಳಗಿತ್ತು, ಫ್ಲಾಪಿಯೂ ತುಂಬಿತ್ತು. ಕಾವ್ಯಶ್ರೀ ನಡೆದದ್ದನ್ನೆಲ್ಲ ಒಪ್ಪಿಕೊಂಡಳು. ಮುದುಕ ತಾನು ಮರೆತ ಪದವೊಂದನ್ನು ಓದಿಸಿಕೊಂಡು ಕೇಳಿ, ಟವಲಿನಲ್ಲಿ ಕಣ್ಣೊರೆಸಿಕೊಂಡ.

“ಮೊದಲ್ನೆ ಆಳೆಲಿ ನಮ್ಮವ್ವನ ಎಸ್ರು ಬರ್ಸಿದ್ದೆನಲ್ಲ, ಅದ್ರ ಕೆಳಗೆ ನಿನ್ ಎಸ್ರೂ ಬರ್ಕೊ ಕಣಮ್ಮಿ. ಈ ಪದಗಳ್ನ ಅವ್ವ ಒಂದ್ಸಲ ಕೊಟ್ಟಿದ್ಲು, ನೀನು ಇನ್ನೊಂದ್ಸಲ ಕೊಟ್ಬುಟ್ಟೆ” ಅಂದ.

ಊರಿನವರ ಹೆಸರನ್ನೆಲ್ಲ ಕಣ್ಣು ಮುಚ್ಚಿ ಟೈಪ್ ಮಾಡುತ್ತಿದ್ದ ಕಾವ್ಯಶ್ರೀಗೆ ಅವತ್ತು ಮೊದಲ ಸಲ ಬರೆಯುವ ತನ್ನ ಹೆಸರಿನ ಅಕ್ಷರ ಕೀಬೋರ್ಡಿನಲ್ಲಿ ಎಲ್ಲಿವೆ ಅಂತ ಹುಡುಕಬೇಕಾಯಿತು.