ಒಂದು ಕೈಗೆ ಬಳೆ ಹಾಕಿ ಕೂರಿಸಿದವರು

ಮೊನ್ನೆ ಸಂತೆಕಲ್ಲೂರಿನಿಂದ ಮಸ್ಕಿಗೆ ಬರುವ ಆಟೊದಲ್ಲಿ ಪಕ್ಕದ ಹೆಂಗಸಿನ ಚೀಲದಿಂದ ಕೆಂಪು ಸಾಬೂನಿನ ವಾಸನೆ ಬಂತು. ಮಾರುಕಟ್ಟೆಯವರೆಲ್ಲ ಚಿಕ್ಕಮ್ಮನೆಂಬಂತೆ ಕರೆಯುತ್ತಿದ್ದ ಬಳೆ ಖಾಲಾ ನೆನಪಾದರು... ಅದೇ ಸಾಬೂನಿನ ನೊರೆ ಸವರಿ, ಬೆರಳು ಮಡಚಿ, ಎಷ್ಟೇ ಬಿಗಿ ಬಳೆಯನ್ನಾದರೂ ನೋವಾಗದಂತೆ ಏರಿಸುತ್ತಿದ್ದರು.

ಈಗ ನಾನು ಸಗಟು ಉಳ್ಳಾಗಡ್ಡಿ ವ್ಯಾಪಾರದವಳು. ಸಿಂಧನೂರು, ಲಿಂಗಸುಗೂರು, ಮಸ್ಕಿ ಮೂರೂ ಕಡೆ ವ್ಯವಹಾರ ಇದೆ. ಆದ್ದರಿಂದ ಇದು ಯಾವ ಊರಿನ ಮಾತು ಎಂದು ಹೇಳುವುದಿಲ್ಲ. ನಾಳೆ ಮತ್ತೆ ಅದೇ ಮಂದಿಯ ಮುಂದೆ ನಿಲ್ಲಬೇಕಲ್ಲ. ಆಗ ಮಾರುಕಟ್ಟೆಯಲ್ಲಿ ಗೋಣಿತಟ್ಟು ಹಾಸಿ ಸೊಪ್ಪು ಮಾರುತ್ತಿದ್ದೆ. ಪಕ್ಕದಲ್ಲೇ ಖಾಲಾನ ಬಳೆ ಅಂಗಡಿ.

ಆ ವರ್ಷ ನಾನು ಬಸುರಿ. ಮಾರುಕಟ್ಟೆಯ ಹಿಂದೆ ಹೆಂಗಸರಿಗೆಂದು ಒಂದೇ ಒಂದು ಪಾಯಖಾನೆ ಇತ್ತು. ಊರಿನ ಆಡಳಿತದವರು ಖರ್ಚು ಉಳಿಸುತ್ತೇವೆಂದು ಮೊದಲು ಅದಕ್ಕೆ ನೀರು ನಿಲ್ಲಿಸಿದರು, ಆಮೇಲೆ ಗುಡಿಸುವಾಕೆಯನ್ನು ತೆಗೆದರು, ಕೊನೆಗೆ ಬೀಗ ಜಡಿದರು. ಮುಂದಿನ ಸಭೆಯಲ್ಲಿ ಅದನ್ನು ಕೆಡವಿ ಮಳಿಗೆ ಕಟ್ಟುವ ಠರಾವು ಬರುವುದಿತ್ತು. ನಾವು ಬೆಳಗಿನಿಂದ ಸಂಜೆಯವರೆಗೆ ನೀರು ಮುಟ್ಟದೆ ಕೂರುತ್ತಿದ್ದೆವು. ನೀರು ಕುಡಿಯದಿದ್ದರೆ ಹೊಟ್ಟೆಯಲ್ಲಿರುವ ಕೂಸಿಗೆ ಕಷ್ಟ ಎಂದು ಡಾಕ್ಟರಮ್ಮ ನನ್ನನ್ನು ಗದರಿದ್ದರು. ಕುಡಿದರೆ ಮಾರುಕಟ್ಟೆ ಬಿಡಬೇಕು. ಬಿಟ್ಟರೆ ಮರುದಿನವೇ ನನ್ನ ಜಾಗದಲ್ಲಿ ಇನ್ನೊಬ್ಬರ ಬುಟ್ಟಿ. ಜಗಳವಾಡಿ, ಕೈಕಾಲು ಹಿಡಿದು ಸಂಪಾದಿಸಿದ್ದ ಜಾಗ ಅದು.

ಅರ್ಜಿ ಕೊಟ್ಟೆವು, ಕಚೇರಿ ಮುಂದೆ ಕೂತೆವು. ಅಧ್ಯಕ್ಷೆ ಹೆಂಗಸೇ, ಆದರೆ ಆಕೆ ಇರುವುದು ಮನೆಯಲ್ಲಿ. ಸಭೆಗೆ ಬಂದು ಆಕೆಯ ಕುರ್ಚಿಯಲ್ಲಿ ಕೂರುವವನು ಗಂಡ. ಅವನು "ನೋಡೋಣಂತ" ಎಂದು ಕಳಿಸಿದ. ನಾನು ಮೋರೆ ಇಳಿಬಿಟ್ಟು ಬಂದಾಗ ಖಾಲಾ ಬೈದರು.

"ಮಾಲಕನ್ನ ಬಿಟ್ಟು ಆಳಿನ ಕೂಡ ಚೌಕಾಶಿ ಮಾಡ್ತಾರೇನ ಬೇಟಿ?"

ಪಂಚಮಿ ಹತ್ತಿರ ಬಂದಿತ್ತು. ಪ್ರತಿ ವರ್ಷ ಅಧ್ಯಕ್ಷೆಯ ಮನೆಗೇ ಹೋಗಿ ಬಳೆ ಹಾಕುತ್ತಿದ್ದ ಖಾಲಾ, ಈ ಸಲ ಮೊಣಕಾಲು ಹಿಡಿದಿದೆ, ನೀವೇ ಬರಬೇಕು, ಹೊಸ ನಮೂನೆ ಬಂದಿವೆ ಎಂದು ಹೇಳಿಕಳಿಸಿದರು. ಆಕೆ ಬಂದಳು. ಅಧ್ಯಕ್ಷೆ ಬಂದ ಮೇಲೆ ಉಪಚಾರ ಬೇಡವೆ? ಕಬ್ಬಿನ ಹಾಲು ಬಂತು, ಚಹಾ ಬಂತು, ನನ್ನ ಕಡೆಯಿಂದ ಒಂದು ಚೊಂಬು ಮಜ್ಜಿಗೆ. ಖಾಲಾ ಎಡಗೈ ಮುಗಿಸಿದರು. ಬಲಗೈಗೆ ಸಾಬೂನು ಹಚ್ಚಿ, ಹಿಡಿದುಕೊಂಡು, ಮಾತಿಗೆ ಕೂತರು. ಹಬ್ಬದ ಎದುರಿಗೆ ಒಂದೇ ಕೈಗೆ ಬಳೆ ಹಾಕಿಸಿಕೊಂಡು ಯಾವ ಮುತ್ತೈದೆ ಎದ್ದು ಹೋಗುತ್ತಾಳೆ?

"ಖಾಲಾ, ಜರಾ ಲಗೂ ಮಾಡ್ರಿ."

"ಅವಸರ ಮಾಡಿದ್ರ ಒಡಿತಾವ್ರಿ ಅಕ್ಕಾರ. ಹಬ್ಬದಾಗ ಒಡಕು ಬ್ಯಾಡ."

ಅಧ್ಯಕ್ಷೆ ಕಾಲು ಮಡಚಿದಳು, ಚಾಚಿದಳು, ಮತ್ತೆ ಮಡಚಿದಳು. ಕೊನೆಗೆ ದನಿ ತಗ್ಗಿಸಿ, "ಇಲ್ಲೆ ಹೆಣ್ಮಕ್ಕಳಿಗೆ ಎಲ್ಲರೆ..." ಎಂದಳು.

"ಐತಲ್ರಿ, ಹಿಂದಽ ಐತಿ. ಕೀಲಿ ಹಾಕ್ಯಾರ."

"ಯಾರು ಹಾಕ್ಯಾರ?"

"ನೀವಽ ಅಂತ್ರಿ. ನಿಮ್ಮ ಸಹಿ ಐತಂತ."

ಮೆಣಸಿನಕಾಯಿ ಮಾರುವ ಮುದುಕಿ ಸುಮ್ಮನಿರಲಿಲ್ಲ. "ನಾವು ಸಂಜಿತನ ತಡಿತೀವ್ರಿ. ನೀವೂ ರೂಢಿ ಮಾಡ್ಕೋರಿ."

ಸುತ್ತ ಕೂತವರೆಲ್ಲ ನಕ್ಕರು. ಖಾಲಾ ಮಾತ್ರ ನಗಲಿಲ್ಲ. ನಕ್ಕವರನ್ನು ದುರುಗುಟ್ಟಿ ನೋಡಿ, ಆಕೆಯ ಕೈ ತೊಳೆದು, ಓಣಿಯಲ್ಲಿದ್ದ ತಮ್ಮ ಮನೆಗೆ ಕರೆದುಕೊಂಡು ಹೋದರು. ನೋವಿದ್ದ ಮೊಣಕಾಲು ಅಷ್ಟು ಹೊತ್ತು ಹೇಗೋ ಸರಿಹೋಗಿತ್ತು. ಚೌಕಾಶಿ ಕಲಿಯಬೇಕೆನ್ನುವವರಿಗೆ ನಾನು ಹೇಳುವುದು ಇಷ್ಟೇ: ಎದುರಿನವರನ್ನು ಇಕ್ಕಟ್ಟಿಗೆ ಸಿಲುಕಿಸಿ, ಆದರೆ ಮರ್ಯಾದೆಯಿಂದ ಹೊರಬರುವ ದಾರಿಯನ್ನೂ ನೀವೇ ತೋರಿಸಿ. ಆಗ ಅವರು ನಿಮ್ಮ ಕಡೆಯವರಾಗುತ್ತಾರೆ.

ತಿರುಗಿ ಬಂದು ಬಲಗೈ ಚಾಚಿದ ಅಧ್ಯಕ್ಷೆ ನನ್ನ ಹೊಟ್ಟೆ ನೋಡಿದಳು.

"ನೀ ಏನ್ಮಾಡ್ತಿ ಯವ್ವಾ?"

"ಮನಿಗೆ ಹೋದ ಮ್ಯಾಲ ನೀರು ಕುಡಿತೀನ್ರಿ."

ಬಲಗೈ ತುಂಬಿದ ಮೇಲೆ ಆಕೆ ಹಿಂದಕ್ಕೆ ಹೋಗಿ ಆ ಬೀಗ ನೋಡಿಕೊಂಡು ಮನೆಗೆ ಹೊರಟಳು.

ಸಭೆಯ ದಿನ ನಾವೆಲ್ಲ ಕಚೇರಿಯ ಕಿಟಕಿಗೆ ಜೋತುಬಿದ್ದಿದ್ದೆವು. ಆಕೆ ಎರಡೂ ಕೈ ತುಂಬ ಹಸಿರು ಬಳೆ ತೊಟ್ಟು ಬಂದಳು. ಗಂಡ ವಾಡಿಕೆಯಂತೆ ಕುರ್ಚಿಯ ಕಡೆ ನಡೆದ.

"ನೀವು ಹೊರಗ ಕುಂದರ್ರಿ. ಕುರ್ಚಿ ನಂದೈತಿ."

ಒಳಗೆ ಗದ್ದಲವಾಯಿತು. ಲೆಕ್ಕ ಹೇಳಿದರು, ಮಳಿಗೆಯಿಂದ ಬರುವ ಬಾಡಿಗೆ ಹೇಳಿದರು. ಆಕೆ ಜಗ್ಗಲಿಲ್ಲ. ಕೆಡವುವ ಠರಾವು ಬಿದ್ದುಹೋಯಿತು. ವಾರ ತುಂಬುವ ಮೊದಲೇ ನಲ್ಲಿಗೆ ನೀರು ಬಂತು, ಗುಡಿಸುವಾಕೆ ತನ್ನ ಕೆಲಸಕ್ಕೆ ಮರಳಿದಳು, ಬೀಗ ಬಿಚ್ಚಿದರು. ಬಿಚ್ಚಿದ ದಿನ ಇಡೀ ಮಾರುಕಟ್ಟೆ ನೋಡುವಂತೆ ನಡುಮಧ್ಯೆ ನಿಂತು ನಾನು ಒಂದು ಚೊಂಬು ನೀರು ಗಟಗಟ ಕುಡಿದೆ. ಹೆಂಗಸರು ಚಪ್ಪಾಳೆ ಹೊಡೆದರು. "ಹಳ್ಳೂಕ, ನೆತ್ತಿಗೇರ್ತೈತಿ," ಎಂದು ಖಾಲಾ ನನ್ನ ಬೆನ್ನು ಸವರಿದರು... ನನ್ನ ಜಾಗ ಉಳಿಯಿತು. ಮಗಳು ದುಂಡಗೆ ಹುಟ್ಟಿದಳು. ಅಲ್ಲಿಂದಲೇ ನನ್ನ ವ್ಯಾಪಾರವೂ ಬೆಳೆಯಿತು.

ಖಾಲಾ ತೀರಿಹೋದಾಗ ನಾನು ಸಿಂಧನೂರಿನಲ್ಲಿ ಲಾರಿಗೆ ಮಾಲು ಹೇರಿಸುತ್ತಿದ್ದೆ. ಓಡಿ ಬರುವಷ್ಟರಲ್ಲಿ ಅವರನ್ನು ಮನೆಯಿಂದ ಎತ್ತಿಯಾಗಿತ್ತು. ಕೊನೆಯ ಸಲ ಮುಖ ನೋಡಲು ಸಿಗಲಿಲ್ಲ.

ಆಟೊ ಇಳಿದ ಮರುದಿನ ಹಳೆಯ ಮಾರುಕಟ್ಟೆಗೆ ಹೋದೆ. ಕೊತ್ತಂಬರಿ ಮಾರುವ ಹೊಸ ಹುಡುಗಿಯೊಬ್ಬಳು ಹಿಂದಿನ ಪಾಯಖಾನೆಯಿಂದ ಮುಖ ಒರೆಸಿಕೊಳ್ಳುತ್ತ ಬಂದು, "ಇದೊಂದು ಚಲೋ ಮಾಡ್ಯಾರ ನೋಡ್ರಿ ಇಲ್ಲೆ," ಎಂದಳು.

"ಅವರು ಮಾಡಿದ್ದಲ್ಲವ್ವಾ, ನಾವು ಉಳಿಸ್ಕೊಂಡಿದ್ದು," ಎಂದೆ.

"ನಾವು ಅಂದ್ರ ಯಾರ್ರಿ?"

ತೋರಿಸಲೆಂದು ಪಕ್ಕಕ್ಕೆ ತಿರುಗಿದೆ. ಖಾಲಾನ ಬಳೆ ಅಂಗಡಿ ಇದ್ದಲ್ಲಿ ಒಬ್ಬ ಮೊಬೈಲ್ ಕವರುಗಳನ್ನು ನೇತುಹಾಕಿಕೊಂಡು ಕೂತಿದ್ದ.