ಕೈಗವಸಿನ ಗೆರೆ

ಅವಳ ಮುಖ ನನಗೆ ಸರಿಯಾಗಿ ನೆನಪಿಲ್ಲ. ಕೈಗಳು ನೆನಪಿವೆ. ಇದು ನೆನಪಿನ ದೋಷವೋ, ಆಗಲೂ ನಾನು ಕೈಗಳನ್ನಷ್ಟೇ ನೋಡುತ್ತಿದ್ದೆನೋ, ಈಗ ಹೇಳಲಾರೆ. ಆ ವರ್ಷಗಳ ದಿನಚರಿಯನ್ನು ಪಕ್ಕದಲ್ಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ನನ್ನ ನೆನಪು ನನ್ನ ಪರವಾಗಿ ಸುಳ್ಳು ಹೇಳುವುದನ್ನು ಒಂದೆರಡು ಸಲ ಹಿಡಿದಿದ್ದೇನೆ. ದಿನಚರಿಯೂ ಸುಳ್ಳು ಹೇಳುತ್ತದೆ, ಆದರೆ ಅದರ ಸುಳ್ಳುಗಳು ಬೇರೆ ಜಾತಿಯವು: ಅದು ಬಾಯಿ ಮುಚ್ಚಿಕೊಂಡಿರುತ್ತದೆ.

ಅರವತ್ತರ ದಶಕದ ನಡುವಿನ ಮಾತು. ಧಾರವಾಡದಲ್ಲಿ ರಸಾಯನಶಾಸ್ತ್ರ ಓದಿ ಶಿರಸಿಗೆ ಮರಳಿದ್ದೆ. ಬನವಾಸಿ ಕಡೆಯಿಂದ ಬಂದು ಪೇಟೆಯಲ್ಲಿ ಮಸಾಲೆ ಸಾಮಾನಿನ ಮಳಿಗೆ ಇಟ್ಟಿದ್ದ ಸಾಹುಕಾರರೊಬ್ಬರು ಹೇಳಿಕಳಿಸಿದರು. ಅವರು ಮಳಿಗೆಯ ಹಿಂದೆ ಮುರುಗಲ ತುಪ್ಪ, ಅಂದರೆ ಕೋಕಂ ಬೀಜದ ಕೊಬ್ಬು, ಜೇನುಮೇಣ, ಕೊಬ್ಬರಿ ಎಣ್ಣೆ ಸೇರಿಸಿ, ಒಡೆದ ತುಟಿಗೂ ಹಿಮ್ಮಡಿಗೂ ಹಚ್ಚುವ ಕ್ರೀಮು ಮಾಡಿಸುತ್ತಿದ್ದರು. ತಗಡಿನ ಡಬ್ಬಿಯಲ್ಲಿ ಅದು ಹುಬ್ಬಳ್ಳಿಯವರೆಗೆ ಹೋಗುತ್ತಿತ್ತು. ಸ್ನೋ, ಪೌಡರು, ಕ್ರೀಮುಗಳಿಗೂ ಔಷಧಿಯ ಹಾಗೆ ಪರವಾನಗಿ ಬೇಕೆಂಬ ಕಾನೂನು ಆಗಷ್ಟೇ ಬಂದಿತ್ತು. ಪ್ರಯೋಗಾಲಯ ಇರಬೇಕು, ಅದನ್ನು ನೋಡಿಕೊಳ್ಳಲು ಪದವಿ ಪಡೆದವನೊಬ್ಬ ಇರಬೇಕು.

“ಎರಡು ಖೋಲಿ ಕೊಡ್ತೀನ್ರಿ,” ಎಂದರು ಸಾಹುಕಾರರು. “ಸರಕಾರದವ್ರು ಬಂದು ನೋಡಿದ್ರ ಬಾಯಿ ಮುಚ್ಚಬೇಕು. ಹಂಗ ಮಾಡ್ರಿ.”

ಹಾಗೆಯೇ ಮಾಡಿದೆ. ಕಾಳುಮೆಣಸಿನ ಚೀಲಗಳನ್ನು ಹೊರಹಾಕಿಸಿ ಗೋಡೆಗೆ ಸುಣ್ಣ ಬಳಿಸಿದೆ. ಮೂರು ಸಲ ಬಳಿದರೂ ಘಾಟು ಹೋಗಲಿಲ್ಲ. ಕಿಟಕಿಗೆ ಜಾಲರಿ, ನೆಲಕ್ಕೆ ಇಳಿಜಾರು, ನೀರು ಹೋಗಲು ಚರಂಡಿ, ಮೇಜಿಗೆ ಬಿಳಿ ಹೊಳಪಿನ ಟೈಲ್ಸು. ಗಾಜಿನ ಪೆಟ್ಟಿಗೆಯೊಳಗಿನ ತಕ್ಕಡಿ ಬಂದ ದಿನ ಪೇಟೆಯ ನಾಲ್ಕು ಜನ ಬಂದು ನೋಡಿಹೋದರು. ಪ್ರತಿ ಕಡಾಯಿಗೂ ಒಂದು ಅಂಕೆ, ಪ್ರತಿ ಅಂಕೆಗೂ ರಿಜಿಸ್ಟರಿನಲ್ಲಿ ಒಂದು ಪುಟ. ನನಗೆ ಇಪ್ಪತ್ತನಾಲ್ಕು ವರ್ಷ. ನನ್ನ ಬಿಳಿ ಕೋಟನ್ನು ನಾನೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದೆ.

ಕ್ರೀಮು ಮಾಡುತ್ತಿದ್ದವಳು ಸಿದ್ದಾಪುರದ ಕಡೆಯ ಹಳ್ಳಿಯವಳು. ನನಗಿಂತ ಹದಿನೈದು ವರ್ಷವಾದರೂ ದೊಡ್ಡವಳಿರಬೇಕು. ಮುರುಗಲ ಬೀಜ ಒಣಗಿಸಿ, ಕುಟ್ಟಿ, ಕುದಿಸಿ, ಮೇಲೆ ತೇಲುವ ಕೊಬ್ಬನ್ನು ತೆಗೆದು ಗಟ್ಟಿ ಉಂಡೆ ಮಾಡುವುದು ಅವಳ ಮನೆತನದ ಕೆಲಸ. ವಾರದಲ್ಲಿ ಐದು ದಿನ ಶಿರಸಿಯಲ್ಲಿ ಸಾಹುಕಾರರ ಕಡಾಯಿ ಮುಂದೆ ಇರುತ್ತಿದ್ದಳು, ಸಂತೆಯ ದಿನ ಸಿದ್ದಾಪುರದಲ್ಲಿ ತನ್ನದೇ ಉಂಡೆಗಳನ್ನು ಬಾಳೆಲೆಯ ಮೇಲಿಟ್ಟು ಮಾರುತ್ತಿದ್ದಳು. ಬಾಣಂತಿಯರಿರುವ ಮನೆಯವರು ಅವಳನ್ನೇ ಹುಡುಕಿಕೊಂಡು ಬರುತ್ತಿದ್ದರಂತೆ.

ಮುರುಗಲ ತುಪ್ಪಕ್ಕೆ ಒಂದು ಕೆಟ್ಟ ಗುಣವಿದೆ. ಆರುವಾಗ ತಿರುವುವುದನ್ನು ನಿಲ್ಲಿಸುವ ಹೊತ್ತು ತಪ್ಪಿದರೆ ಕ್ರೀಮು ಮರಳು ಮರಳಾಗುತ್ತದೆ. ಅವಳು ಕಿರುಬೆರಳಿನ ಹಿಂಬದಿಯನ್ನು ಕಡಾಯಿಗೆ ತಾಗಿಸಿ “ಸಾಕು” ಎನ್ನುತ್ತಿದ್ದಳು. ನಾನು ಥರ್ಮಾಮೀಟರು ಇಟ್ಟು ನೋಡಿದೆ. ಹದಿನೇಳು ಸಲ ನೋಡಿದೆನೆಂದು ದಿನಚರಿಯಲ್ಲಿದೆ. ಹದಿನೇಳು ಸಲವೂ ಅವಳೇ ಸರಿ. ಎರಡು ಸಲ ನನ್ನ ಲೆಕ್ಕದಂತೆ ನಿಲ್ಲಿಸಿದಾಗ ಕಡಾಯಿ ಕೆಟ್ಟಿತು. ಸಾಹುಕಾರರು ಎಲ್ಲರೆದುರು ನಕ್ಕರು: “ಆಕಿ ಬೆರಳು ನಿಮ್ಮ ಕಾಜಿನ ಕಡ್ಡಿಗಿಂತ ಚಲೋ ಅದ ಬಿಡ್ರಿ!” ನಾನೂ ನಕ್ಕೆ. ಆ ದಿನದ ಪುಟದಲ್ಲಿ ನಗುವಿನ ಸುದ್ದಿ ಇಲ್ಲ. “ಬರಿಗೈಯಿಂದ ಮುಟ್ಟುವುದು ಗುಣಮಟ್ಟಕ್ಕೆ ವಿರುದ್ಧ. ಕೈಗವಸು ತರಿಸಬೇಕು” ಎಂದಿದೆ.

ಕೈಗವಸು ಗುಣಮಟ್ಟಕ್ಕಾಗಿ ಬಂತೋ, ಆ ನಗುವಿಗಾಗಿ ಬಂತೋ? ಎರಡೂ ಇರಬಹುದು ಎಂದುಕೊಳ್ಳುವುದು ಸುಲಭ. ಹಾಗೆಂದುಕೊಂಡೇ ಬಹಳ ವರ್ಷ ಕಳೆದಿದ್ದೇನೆ.

ಹುಬ್ಬಳ್ಳಿಯಿಂದ ತಂದವು ಮಣಿಕಟ್ಟು ದಾಟಿ ಮೊಣಕೈಗೆ ಅರ್ಧದವರೆಗೆ ಬರುವ, ಕಂದು ಬಣ್ಣದ ದಪ್ಪ ರಬ್ಬರಿನವು. ಅವಳು ಒಂದನ್ನು ಎತ್ತಿ ಮೂಸಿ ನೋಡಿದಳು.

“ಎಂತಕ್ಕೆ ಒಡ್ಯಾ ಈ ಚೀಲ? ಇದ್ರೊಳಗೆ ಕೈಗೆ ಎಂತದೂ ಗೊತ್ತಾಗಾದಿಲ್ಲ.”

“ಕೈಗೆ ಗೊತ್ತಾಗುವುದು ಬೇಡ. ಅದಕ್ಕೆ ಥರ್ಮಾಮೀಟರು ಇದೆ,” ಎಂದೆ.

“ನಿಮ್ ಕಡ್ಡಿಗೆ ಗೊತ್ತಾಗ್ತದ್ಯಾ?” ಎಂದು ಕೇಳಿದಳು. ಡಬ್ಬಿ ತುಂಬಲು ಇದ್ದ ಇಬ್ಬರು ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು.

ಬೆಳಿಗ್ಗೆಯಿಂದ ಸಂಜೆಯವರೆಗೆ ಒಲೆಯ ಮುಂದೆ ಅವಳು ಅವನ್ನು ತೊಟ್ಟಿರಬೇಕೆಂದು ನಿಯಮ ಮಾಡಿದೆ. ತೆಗೆದಾಗ ಬೆರಳ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಉಳಿದಿಬ್ಬರು ಡಬ್ಬಿ ತುಂಬುವ ಒಂದೆರಡು ತಾಸು ಮಾತ್ರ ಹಾಕಿಕೊಳ್ಳುತ್ತಿದ್ದರು. ನಾನು ಒಂದು ದಿನವೂ ಹಾಕಿಕೊಳ್ಳಲಿಲ್ಲ. ಕೆಲವು ವಾರಗಳ ನಂತರ ಕೈ ತುರಿಸುತ್ತದೆ ಎಂದಳು. ಸಾಬೂನಿನಿಂದ ತೊಳೆ ಎಂದೆ. ದಿನಚರಿ: “ಮತ್ತೆ ಕೈತುರಿಕೆಯ ನೆಪ.” ಆ ‘ಮತ್ತೆ’ಯನ್ನು ನೋಡಿದರೆ ಅವಳು ಮೊದಲೂ ಹೇಳಿರಬೇಕು. ಎಷ್ಟು ಸಲ ಹೇಳಿದಳೋ ತಿಳಿಯದು.

ಮಳೆಗಾಲ ಮುಗಿಯುವ ಹೊತ್ತಿಗೆ ತನಿಖೆಯ ಅಧಿಕಾರಿ ಬರುವ ಪತ್ರ ಬಂತು. ಜೊತೆಗಿದ್ದ ನಿಯಮಗಳಲ್ಲಿ, ಅಂಟುವ ಚರ್ಮರೋಗ ಇದ್ದವರು ತಯಾರಿಕೆಯ ಕೋಣೆಯಲ್ಲಿ ಇರಕೂಡದು ಎಂದಿತ್ತು. ಮೂವರು ಹೆಂಗಸರನ್ನೂ ಹಿತ್ತಲ ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿ ಕೈ ಚಾಚಲು ಹೇಳಿದೆ. ಡಬ್ಬಿ ತುಂಬುವವರ ಕೈಗಳು ಶುದ್ಧವಾಗಿದ್ದವು. ಅವಳ ಬೆರಳುಗಳ ಮೇಲೆ, ಮುಂಗೈ ಮೇಲೆ, ಅಕ್ಕಿಹಿಟ್ಟು ಚೆಲ್ಲಿದ ಹಾಗೆ ಬಿಳಿ ಕಲೆಗಳು. ಮಣಿಕಟ್ಟಿಗೂ ಮೊಣಕೈಗೂ ನಡುವೆ ಅವು ನಿಂತಿದ್ದವು, ಪಟ್ಟಿ ಇಟ್ಟು ಗೆರೆ ಎಳೆದ ಹಾಗೆ. ಅಲ್ಲಿಂದ ಮೇಲೆ ಅವಳ ಕಪ್ಪು ಮೈ.

ಪಕ್ಕದವಳು ಹಾರಿ ಹಿಂದೆ ಸರಿದಳು. “ಅಯ್ಯಯ್ಯೋ, ತೊನ್ನು! ಬೆಳಿಗ್ಗೆ ನನ್ನ ತಲೆ ಬಾಚಿದ್ಯಲ್ಲೇ ಮಾರಾಯ್ತಿ, ಇದೇ ಕೈಲಿ!”

“ತೊನ್ನಲ್ಲ ಒಡ್ಯಾ,” ಎಂದು ಅವಳು ನನ್ನ ಕಡೆಗೇ ತಿರುಗಿದಳು. “ಚೀಲ ಹಾಕ್ಕಂಡ ಮೇಲೆ ಬಂದದ್ದು. ಗೆರೆ ನೋಡಿ. ಚೀಲ ಎಲ್ಲಿವರೆಗೋ ಅಲ್ಲಿವರೆಗೇ ಅದೆ.”

ನಾನು ಗೆರೆಯನ್ನು ನೋಡಿದೆ. ಪದವಿ ಬೇಕಿರಲಿಲ್ಲ, ಕಣ್ಣು ಸಾಕಿತ್ತು. “ರಬ್ಬರಿನಿಂದ ಚರ್ಮದ ಬಣ್ಣ ಹೋಗುತ್ತದೆಂದು ಯಾವ ಪುಸ್ತಕದಲ್ಲೂ ಇಲ್ಲ,” ಎಂದೆ. ನಾನು ಯಾವ ಪುಸ್ತಕವನ್ನೂ ನೋಡಿರಲಿಲ್ಲ.

ಸಾಹುಕಾರರು ಬಾಗಿಲಿಗೆ ಬಂದರು. “ಏನಾತ್ರಿ?” ಹೇಳಿದೆ. ಅವರು ಅವಳ ಕೈಯನ್ನೂ ನೋಡಲಿಲ್ಲ. “ಇವತ್ತs ಕಳಸ್ರಿ. ಆಫೀಸರ ಕಣ್ಣಿಗೆ ಬಿದ್ದರ ಮುಗೀತು ನಮ್ಮ ಕತಿ.”

ರಿಜಿಸ್ಟರಿನಲ್ಲಿ ಅವಳ ಹೆಸರಿನ ಮುಂದೆ “ಚರ್ಮರೋಗ. ಕೆಲಸದಿಂದ ತೆಗೆಯಲಾಗಿದೆ” ಎಂದು ಬರೆದು ಸಹಿ ಹಾಕಿದೆ. ಅವಳು ಇನ್ನೂ ಹಿತ್ತಲಿನಲ್ಲಿ ನಿಂತಿರುವಾಗಲೇ ಅವಳು ಮುಟ್ಟಿದ ಸೌಟು, ಕಡಾಯಿ, ಅವಳು ನೀರು ಕುಡಿಯುತ್ತಿದ್ದ ಲೋಟ ಎಲ್ಲವನ್ನೂ ಹಂಡೆಯಲ್ಲಿ ಹಾಕಿ ಕುದಿಸಿದರು. ಹಾಗೆ ಮಾಡಲು ಹೇಳಿದ್ದು ಸಾಹುಕಾರರೆಂದು ನನ್ನ ನೆನಪು. ಆದರೆ ಪಾತ್ರೆಗಳನ್ನು ಎಷ್ಟು ನಿಮಿಷ ಕುದಿಸಬೇಕೆಂದು ಸಾಹುಕಾರರಿಗೆ ಗೊತ್ತಿರಲು ಸಾಧ್ಯವಿಲ್ಲ. ದಿನಚರಿಯಲ್ಲಿ ನಿಮಿಷಗಳು ಸರಿಯಾಗಿವೆ. ಮಳಿಗೆಗೆ ಬಂದ ಗಿರಾಕಿಗಳು ಹಿತ್ತಲವರೆಗೆ ಬಂದು ನೋಡಿದರು. ಅವಳೂ ನೋಡಿದಳು, ಆಮೇಲೆ ಹೋದಳು.

ಎರಡು ಸಂತೆ ಕಳೆದ ಮೇಲೆ ಅವಳು ಮಳಿಗೆಯ ಮೆಟ್ಟಿಲ ಕೆಳಗೆ ಬಂದು ನಿಂತಳು. ಮೇಲೆ ಹತ್ತಲಿಲ್ಲ.

“ಕೆಲ್ಸ ಕೇಳಾಕೆ ಬಂದದ್ದಲ್ಲ ಒಡ್ಯಾ. ಸಂತೇಲಿ ನನ್ ತುಪ್ಪ ಯಾರೂ ಮುಟ್ತಿಲ್ಲ. ಬಸ್ಸಲ್ಲೇ ಸುದ್ದಿ ನನಗಿಂತ ಮುಂಚೆ ಹೋಗ್ಯದೆ. ಇದು ಅಂಟಾದಲ್ಲ ಅಂತ ಒಂದು ಕಾಗ್ದ ಬರ್ದು ಕೊಡಿ. ರೋಗ ಅಂತ ಬರ್ದವ್ರು ನೀವೇ, ಅಲ್ಲ ಅಂತ ನೀವು ಬರದ್ರೇ ಜನ ನಂಬಾದು.”

“ನಾನು ಡಾಕ್ಟರಲ್ಲ,” ಎಂದೆ.

“ಆ ದಿನ ಡಾಕ್ಟರಾಗಿದ್ರಲ್ಲ,” ಎಂದಳು.

ಈ ಮಾತನ್ನು ಅವಳು ಸಿಟ್ಟಿನಿಂದ ಹೇಳಿದಳೋ ಬೇಡುವಂತೆ ಹೇಳಿದಳೋ ಎಂಬುದು ನನಗೆ ಮುಖ್ಯ. ನೆನಪಾಗುವುದಿಲ್ಲ.

ಅದೇ ವಾರ ಗಾಜಿನ ಸಾಮಾನು ತರಲು ಹುಬ್ಬಳ್ಳಿಗೆ ಹೋದಾಗ ಚರ್ಮದ ಡಾಕ್ಟರೊಬ್ಬರನ್ನು ಕಂಡೆ. ಕಲೆಗಳನ್ನೂ ಗೆರೆಯನ್ನೂ ವಿವರಿಸಿದೆ. ಅವರು ಪೂರ್ತಿ ಕೇಳುವ ಮೊದಲೇ “ರಬ್ಬರ್ ಗ್ಲೌಸ್ ಹಾಕತಿದ್ಲೇನ್ರಿ?” ಎಂದು ಎದ್ದುಹೋಗಿ ಕಪಾಟಿನಿಂದ ಒಂದು ಪುಸ್ತಕ ತೆಗೆದರು. ರಬ್ಬರು ಬೇಗ ಹಾಳಾಗದಿರಲೆಂದು ಸೇರಿಸುವ ಒಂದು ರಾಸಾಯನಿಕ ಬೆವರಿನಲ್ಲಿ ಕರಗಿ ಹೊರಬಂದು ಚರ್ಮದ ಬಣ್ಣವನ್ನು ಕೊಲ್ಲುತ್ತದೆ. ನಾನು ಹುಟ್ಟುವ ಮೊದಲೋ ಆಮೇಲೋ, ಯಾವುದೋ ದೇಶದ ಚರ್ಮ ಹದಮಾಡುವ ಕಾರ್ಖಾನೆಯಲ್ಲಿ ಕೂಲಿಗಳಿಗೆ ಹೀಗೆಯೇ ಆಗಿತ್ತಂತೆ. ಚಿತ್ರವೂ ಇತ್ತು. ಅದೇ ಗೆರೆ. “ಅಂಟೂದಿಲ್ಲ. ರೋಗನs ಅಲ್ಲ. ಗ್ಲೌಸ್ ಬಿಡಸ್ರಿ,” ಎಂದರು. “ನೀವು ಕೆಮಿಸ್ಟ್ರಿ ಓದೀರಿ ಅಂದ್ರಲಾ?”

ಬಸ್ಸು ಯಲ್ಲಾಪುರದಲ್ಲಿ ಚಹಾಕ್ಕೆ ನಿಂತಾಗ ಸಿದ್ದಾಪುರಕ್ಕೆ ಹೋಗಿ ಅವಳಿಗೆ ಹೇಳಿಬಿಡಬೇಕು ಎಂದುಕೊಂಡಿದ್ದೆ. ಮಂಚಿಕೇರಿ ದಾಟುವಷ್ಟರಲ್ಲಿ, ಮೊದಲು ಸಾಹುಕಾರರಿಗೆ ಹೇಳುವುದು ಕ್ರಮ ಎನಿಸಿತು. ಸಾಹುಕಾರರಿಗೆ ಡಾಕ್ಟರ ಮಾತನ್ನೆಲ್ಲ ಹೇಳಿದೆ.

“ಅಂದ್ರ, ನಮ್ಮ ಲ್ಯಾಬಿನ್ಯಾಗ ಆಕಿ ಕೈ ಹಾಳಾತು ಅಂತ ನಾವs ಬರಕೊಡೂದು?”

“ಹೌದು.”

“ತನಿಖಿ ಮುಗೀಲಿ. ಲೈಸೆನ್ಸ್ ಕೈಗೆ ಬರ್ಲಿ. ಆಮ್ಯಾಲ ಬೇಕಾದ್ದು ಬರೀರಿ. ಒಂದೆರಡು ತಿಂಗಳ ಮಾತು. ಕೈ ಏನ್ ಓಡಿ ಹೋಗ್ತದೇನು?”

ನಾನು ಒಪ್ಪಿದೆ. ವಾದಿಸಿ ಸೋತೆ ಎಂದು ಹೆಂಡತಿಗೆ ಒಮ್ಮೆ ಹೇಳಿದ್ದುಂಟು. ವಾದಿಸಲಿಲ್ಲ. ಆ ದಿನದ ಪುಟದಲ್ಲಿ ಇರುವುದು ಇಷ್ಟೇ: “ಹುಬ್ಬಳ್ಳಿ. ಬೀಕರು ಆರು, ಎರಡು ಒಡೆದಿವೆ.” ಡಾಕ್ಟರಿಲ್ಲ, ಪುಸ್ತಕವಿಲ್ಲ. ಇಷ್ಟು ದೊಡ್ಡ ವಿಷಯಕ್ಕೆ ನನ್ನ ನೆನಪಲ್ಲದೆ ಬೇರೆ ಸಾಕ್ಷಿಯಿಲ್ಲ.

ಒಂದು ಕೆಲಸ ಮಾತ್ರ ತಡಮಾಡದೆ ಮಾಡಿದೆ. ಉಳಿದಿಬ್ಬರು ಹೆಂಗಸರಿಗೆ ಇನ್ನು ಕೈಗವಸು ಬೇಡ, ಅಧಿಕಾರಿ ಬಂದ ದಿನ ಹಾಕಿಕೊಂಡರೆ ಸಾಕು ಎಂದೆ. ಏಕೆಂದು ಅವರು ಕೇಳಲಿಲ್ಲ. ಕೇಳಿದ್ದರೆ ಏನಾದರೂ ಸುಳ್ಳು ಹೇಳುತ್ತಿದ್ದೆ.

ಅಧಿಕಾರಿ ಬಂದರು. ತಕ್ಕಡಿ ನೋಡಿದರು, ಚರಂಡಿ ನೋಡಿದರು, ರಿಜಿಸ್ಟರು ತಿರುವಿದರು. ಅವಳ ಹೆಸರಿನ ಪುಟದಲ್ಲಿ ಬೆರಳು ನಿಲ್ಲಿಸಿ, “ಇಷ್ಟು ಕಟ್ಟುನಿಟ್ಟು ಹುಬ್ಬಳ್ಳಿಯಲ್ಲೂ ಇಲ್ಲ” ಎಂದು ಹೊಗಳಿದರು. ಹೆಂಗಸರ ಕೈಯಲ್ಲಿದ್ದ ರಬ್ಬರನ್ನು ಕಂಡು ತಲೆದೂಗಿದರು. ನನಗೆ ನಿಜವಾಗಿಯೂ ಸಂತೋಷವಾಯಿತು. ಇದನ್ನು ಬರೆಯದಿದ್ದರೆ ಉಳಿದದ್ದನ್ನು ಬರೆದು ಪ್ರಯೋಜನವಿಲ್ಲ.

ಪರವಾನಗಿ ಬಂದಾಗ ಚಳಿ ಶುರುವಾಗಿತ್ತು. ಆಗ ಪತ್ರ ಬರೆದೆ: “ಈ ಹೆಂಗಸಿನ ಕೈಗಳ ಮೇಲಿನ ಕಲೆಗಳು ಅಂಟುರೋಗವಲ್ಲ.” ಸಹಿ, ಮಳಿಗೆಯ ಮೊಹರು. ಯಾವುದರಿಂದ ಬಂತೆಂದು ಬರೆಯಲಿಲ್ಲ. ಸಂತೆಯ ದಿನ ಸಿದ್ದಾಪುರಕ್ಕೆ ಹೋದೆ.

ಅವಳು ಸಾಲಿನಲ್ಲಿರಲಿಲ್ಲ. ಉಳಿದವರಿಂದ ದೂರ, ದನ ಕಟ್ಟುವ ಕಡೆ ಕುಳಿತಿದ್ದಳು. ಬಾಳೆಲೆಯ ಮೇಲೆ ಏಳೆಂಟು ಉಂಡೆ. ಪತ್ರವನ್ನು ಗಟ್ಟಿಯಾಗಿ ಓದಿ ಹೇಳಿದೆ. ಕೇಳಿಸಿಕೊಂಡಳು.

“ಚೀಲದ ಮಾತು ಇಲ್ಲ ಅದ್ರಲ್ಲಿ.”

“ಅಂಟುವುದಿಲ್ಲ ಎಂದಿದೆಯಲ್ಲ, ಅಷ್ಟು ಸಾಕು,” ಎಂದೆ.

ಅಷ್ಟರಲ್ಲಿ ಕೈಚೀಲ ಹಿಡಿದ ಒಬ್ಬ ಹೆಂಗಸು, ತೋಟದ ಮನೆಯವಳು, ನಮ್ಮ ಮಾತು ಕೇಳಿ ನಿಂತಳು. ಹಳೆಯ ಗಿರಾಕಿ ಎಂದು ಕಂಡಿತು, ಹವ್ಯಕರ ಮಾತಿನಲ್ಲಿ ಹೇಳಿದಳು. “ತುಪ್ಪ ಚೊಲೋ ಇದ್ದು ಹೇಳಿ ಗೊತ್ತಿದ್ದು ಮಾರಾಯ್ತಿ. ಆದ್ರೆ ಮನೇಲಿ ಬಾಣಂತಿ ಇದ್ದು. ಆನು ಎಂತ ಮಾಡ್ಲಿ?”

ಅವಳು ಒಂದು ಉಂಡೆಯಿಂದ ಚೂರು ಮುರಿದು, ಬಿಳಿಯಾದ ಅಂಗೈಯಲ್ಲಿ ಉಜ್ಜಿ ಕರಗಿಸಿ, ನನ್ನ ಕಡೆ ಚಾಚಿದಳು.

“ಕಾಗ್ದ ಇರ್ಲಿ ಒಡ್ಯಾ. ನಿಮ್ ತುಟಿ ಒಡ್ದದೆ. ಇಕಾ, ಹಚ್ಕಳಿ. ಈ ಅಮ್ಮ ನೋಡ್ಲಿ. ಇಷ್ಟೇ ನಂಗೆ ಬೇಕಾದ್ದು.”

ಅವಳ ಅಂಗೈಯಿಂದ ಬೆರಳಲ್ಲಿ ತೆಗೆದು ತುಟಿಗೆ ಹಚ್ಚಿಕೊಂಡೆ, ಆ ಹೆಂಗಸು ಎರಡು ಉಂಡೆ ಕೊಂಡಳು: ಬಹಳ ವರ್ಷ ನನ್ನ ನೆನಪಿನಲ್ಲಿ ಇದ್ದದ್ದು ಹೀಗೆ. ತುಪ್ಪದ ತಣುಪು ಕೂಡ ನೆನಪಿತ್ತು. ಹೋದ ತಿಂಗಳು ಆ ಪುಟ ತೆರೆದೆ.

“ಸಿದ್ದಾಪುರ ಸಂತೆ. ಪತ್ರ ಕೊಟ್ಟೆ. ಎಲ್ಲರೆದುರು ಹಚ್ಚಿಕೊಳ್ಳಲು ಒತ್ತಾಯಿಸಿದಳು. ಮುಟ್ಟಲಿಲ್ಲ. ಜನ ನಕ್ಕರು. ಎರಡೂವರೆ ಬಸ್ಸಿಗೆ ವಾಪಸು.”

ಅಂಟುವುದಿಲ್ಲವೆಂದು ಆ ಇಡೀ ಸಂತೆಯಲ್ಲಿ ಖಚಿತವಾಗಿ ಗೊತ್ತಿದ್ದವನು ನಾನೊಬ್ಬನೇ. ಗೊತ್ತಿದ್ದವನೇ ಮುಟ್ಟದ್ದನ್ನು ಆ ತೋಟದ ಮನೆಯ ಹೆಂಗಸು ಯಾಕೆ ಮುಟ್ಟಬೇಕು? ಪತ್ರ ಕೊಡದೆ ಮನೆಯಲ್ಲೇ ಇದ್ದಿದ್ದರೆ ಅವಳಿಗೆ ಒಂದಿಬ್ಬರು ಗಿರಾಕಿಗಳಾದರೂ ಉಳಿಯುತ್ತಿದ್ದರು.

ಮುಂದಿನ ಸಂತೆಗಳಿಗೆ ಅವಳು ಬರಲಿಲ್ಲವೆಂದು ನಮ್ಮ ಮಳಿಗೆಗೆ ಬೀಜ ತರುವವರು ಹೇಳಿದರು. ಬೀಜವನ್ನು ಈಗ ಕುಟ್ಟದೆ ಹಾಗೇ ಮಾರುತ್ತಾಳೆ, ಅದೂ ಬೇರೆಯವರ ಕೈಯಲ್ಲಿ ಕಳಿಸುತ್ತಾಳೆ ಎಂದರು. ಆ ಬೀಜವನ್ನು ನಾವು ಕೊಂಡೆವು. ಒಳ್ಳೆಯ ಬೀಜವಾಗಿತ್ತು.